ರಾಯಚೂರಿನಲ್ಲಿ ಆರು ಭಾನುವಾರ ಅಮೆರಿಕದ ಸಂವಿಧಾನ: ತರಗತಿಯ ವಿಮರ್ಶೆ

ರಾಜ್ಯಶಾಸ್ತ್ರ ಓದುವ ಸ್ಪರ್ಧಾರ್ಥಿಗಳಿಗಾಗಿ ರಾಯಚೂರಿನ ತರಬೇತಿ ಕೇಂದ್ರವೊಂದು ನಡೆಸಿದ ಅಮೆರಿಕದ ಸಂವಿಧಾನದ ತರಗತಿಗಳಿಗೆ ನಾನು ಮಾನ್ವಿಯಿಂದ ಆರು ಭಾನುವಾರ ಹೋಗಿಬಂದೆ. ಶುಲ್ಕ 900 ರೂಪಾಯಿ. 64 ಪುಟಗಳ ಮುದ್ರಿತ ನೋಟ್ಸ್ ಕೂಡ ಅದರಲ್ಲೇ ಸೇರಿದೆ. ಪಾಠದ ಮಟ್ಟಿಗೆ ಈ ಹಣ ಕಡಿಮೆಯೇ ಆಯಿತೆನ್ನಬೇಕು. ನೋಟ್ಸ್ ಬಗ್ಗೆ ಅದೇ ಮಾತು ಹೇಳಲಾರೆ.

ಉಪನ್ಯಾಸಕರು 1787ರ ಫಿಲಡೆಲ್ಫಿಯಾ ಸಮಾವೇಶ, ಏಳು ವಿಧಿಗಳು, 27 ತಿದ್ದುಪಡಿಗಳು ಎಂದು ಬಾಯಿಪಾಠ ಮಾಡಿಸಲಿಲ್ಲ. ಮೊದಲ ದಿನವೇ ಬೋರ್ಡಿನ ಮೇಲೆ ಒಂದು ಮಸೂದೆಯ ದಾರಿಯನ್ನು ಬರೆದರು: 435 ಸದಸ್ಯರ ಪ್ರತಿನಿಧಿ ಸಭೆ, 100 ಸದಸ್ಯರ ಸೆನೆಟ್, ಬಳಿಕ ಅಧ್ಯಕ್ಷರು, ಅವರು ವೀಟೊ ಚಲಾಯಿಸಿ ಹಿಂದಿರುಗಿಸಿದರೂ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಅವರ ಸಹಿಯಿಲ್ಲದೆಯೇ ಅದು ಕಾನೂನಾಗುತ್ತದೆ. ಪ್ರತಿ ತಿರುವಿನಲ್ಲೂ ಸೀಮೆಸುಣ್ಣ ನಿಲ್ಲಿಸಿ, “ಇಲ್ಲಿ ಯಾರು ಯಾರನ್ನ ತಡೀತಾರ, ಹೇಳ್ರಿ” ಎಂದು ಕೇಳುತ್ತಿದ್ದರು. ‘ನಿಯಂತ್ರಣ ಮತ್ತು ಸಮತೋಲನ’ ಎಂದು ಪದವಿ ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದ ನನಗೆ ಅದರ ಅರ್ಥ ತಿಳಿದದ್ದು ಆ ಬೋರ್ಡಿನ ಮುಂದೆ.

ಸಿಂಧನೂರಿನ ವಿದ್ಯಾರ್ಥಿನಿಯೊಬ್ಬಳು, “ಸರ್, ಹಂಗಾದ್ರ ಅಲ್ಲಿ ಎಂಪಿ ಆದವ್ರು ಮಂತ್ರಿ ಆಗಂಗಿಲ್ಲೇನ್ರಿ?” ಎಂದಳು. ಅರ್ಧ ಗಂಟೆ ಅದೇ ಚರ್ಚೆಯಾಯಿತು. ನಮ್ಮಲ್ಲಿ ಸದನದ ಸದಸ್ಯರಲ್ಲದವರು ಮಂತ್ರಿಯಾದರೆ ಆರು ತಿಂಗಳೊಳಗೆ ಸದಸ್ಯರಾಗಲೇಬೇಕು. ಅಲ್ಲಿ ಕಾಂಗ್ರೆಸ್ಸಿನ, ಅಂದರೆ ಸಂಸತ್ತಿನ, ಸದಸ್ಯರು ಅಧ್ಯಕ್ಷರ ಸಂಪುಟಕ್ಕೆ ಸೇರಬೇಕಾದರೆ ಸದಸ್ಯತ್ವವನ್ನು ಬಿಡಲೇಬೇಕು. ಶಾಸಕಾಂಗ, ಕಾರ್ಯಾಂಗಗಳ ನಡುವಿನ ಗೋಡೆ ಎಷ್ಟು ಗಟ್ಟಿಯೆಂಬುದನ್ನು ಈ ಒಂದು ನಿಯಮದಿಂದಲೇ ಅವರು ತೋರಿಸಿಕೊಟ್ಟರು.

ತಿದ್ದುಪಡಿಯ ಪಾಠ ನನಗೆ ಎಲ್ಲಕ್ಕಿಂತ ಹಿಡಿಸಿತು. ಕಲ್ಯಾಣ ಕರ್ನಾಟಕದ ನಮಗೆಲ್ಲ ಶಿಕ್ಷಣ, ಉದ್ಯೋಗದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮನೆಯ ಕಾಗದದಷ್ಟೇ ಪರಿಚಿತ. ಅದು ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು, ಸಂಸತ್ತಿನ ವಿಶೇಷ ಬಹುಮತದಿಂದಲೇ ಆದದ್ದು. ಅಮೆರಿಕದಲ್ಲಿಯಾದರೆ ಎರಡೂ ಸದನಗಳ ಮೂರನೇ ಎರಡರಷ್ಟು ಬೆಂಬಲದ ಮೇಲೆ 50 ರಾಜ್ಯಗಳ ಪೈಕಿ 38 ರಾಜ್ಯಗಳ ಒಪ್ಪಿಗೆಯೂ ಬೇಕು. 1789ರಲ್ಲಿ ಸೂಚಿಸಿದ ತಿದ್ದುಪಡಿಯೊಂದು 1992ರಲ್ಲಿ 27ನೆಯದಾಗಿ ಅಂಗೀಕಾರವಾಯಿತೆಂದಾಗ ತರಗತಿಯಲ್ಲಿ ಯಾರೂ ತಕ್ಷಣ ನಂಬಲಿಲ್ಲ.

ಚುನಾವಣಾ ಪದ್ಧತಿಗೆ ಕೊಟ್ಟ ಸಮಯ ಸಾಲದು. ಅಧ್ಯಕ್ಷರನ್ನು ಆರಿಸುವ 538 ಸದಸ್ಯರ ಮತದಾರರ ಮಂಡಳಿಯಲ್ಲಿ ಗೆಲ್ಲಲು 270 ಮತ ಬೇಕೆಂದು ಹೇಳಿ ಮುಂದೆ ಹೋದರು.

ನೋಟ್ಸ್‌ನ ದೋಷಗಳು ಸಣ್ಣವಲ್ಲ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಬೇರ್ಪಡಿಸುವುದಕ್ಕೂ ಒಕ್ಕೂಟ ಮತ್ತು ರಾಜ್ಯಗಳ ನಡುವೆ ಅಧಿಕಾರ ಹಂಚುವುದಕ್ಕೂ ‘ಅಧಿಕಾರ ವಿಭಜನೆ’ ಎಂಬ ಒಂದೇ ಪದವನ್ನು ಬಳಸಿದ್ದಾರೆ. ಮನೆಯಲ್ಲಿ ಕುಳಿತು ಅದನ್ನಷ್ಟೇ ಓದುವವರು ಎರಡು ತತ್ವಗಳನ್ನೂ ಒಂದೇ ಎಂದುಕೊಳ್ಳುತ್ತಾರೆ. ಇನ್ನೊಂದು ಕಡೆ, ನ್ಯಾಯಾಂಗ ವಿಮರ್ಶೆಯ, ಅಂದರೆ ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ನ್ಯಾಯಾಲಯ ರದ್ದುಗೊಳಿಸುವ, ಅಧಿಕಾರ ಮೂರನೇ ವಿಧಿಯಲ್ಲಿ ಬರೆದಿದೆ ಎಂದು ಅಚ್ಚಾಗಿದೆ. ಸಂವಿಧಾನದಲ್ಲಿ ಆ ಮಾತು ಸ್ಪಷ್ಟವಾಗಿ ಎಲ್ಲಿಯೂ ಇಲ್ಲ; 1803ರ ಮಾರ್ಬರಿ ವಿರುದ್ಧ ಮ್ಯಾಡಿಸನ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರ ತೀರ್ಪು ಅದನ್ನು ಸ್ಥಾಪಿಸಿತು. ಕನ್ನಡ ಮಾಧ್ಯಮದ ಮಕ್ಕಳಿಗೆ ಬೇರೆ ಪುಸ್ತಕಗಳು ಸುಲಭಕ್ಕೆ ಸಿಗುವುದಿಲ್ಲವಾದ್ದರಿಂದ ಇಂಥ ತಪ್ಪು ನೇರವಾಗಿ ಉತ್ತರ ಪತ್ರಿಕೆಗೆ ಹೋಗುತ್ತದೆ.

ಕೊನೆಯ ಭಾನುವಾರ ಇವೆರಡನ್ನೂ ಉಪನ್ಯಾಸಕರಿಗೆ ತೋರಿಸಿದೆ. ಅವರು ತಮ್ಮ ಪ್ರತಿಯಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಂಡು, ಮರುಮುದ್ರಣದಲ್ಲಿ ತಿದ್ದಿಸುವುದಾಗಿ ಹೇಳಿದರು. ಅಲ್ಲಿಯವರೆಗೆ ಸೇರುವವರು ನೋಟ್ಸ್ ಕೈಗೆ ಬಂದ ಕೂಡಲೇ ಈ ಎರಡು ಜಾಗಗಳನ್ನು ತಿದ್ದಿಕೊಂಡು ತರಗತಿಗೆ ಕೂಡಬೇಕು.