ಆಂಟಾನಾಸ್ ಸುಟ್ಕುಸ್ ಪ್ರದರ್ಶನ: 'ಸ್ವಲ್ಪ ನಗಿ' ಅನ್ನದ ಫೋಟೋಗ್ರಾಫರ್

ಇಪ್ಪತ್ತು ವರ್ಷ ಮದುವೆ ಫೋಟೋ ತೆಗೆದವನು ನಾನು. "ಸ್ವಲ್ಪ ನಗಿ, ಇಲ್ಲಿ ನೋಡಿ" ಅಂತ ಎಷ್ಟು ಸಲ ಹೇಳಿದ್ದೇನೋ, ಲೆಕ್ಕವಿಲ್ಲ. ಅದಕ್ಕೇ ಇರಬೇಕು, ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಸುಟ್ಕುಸ್ ಅವರ ಜೀವಮಾನದ ಕೆಲಸ ನೋಡಲು ಹೋದಾಗ 1964ರ 'ಪಯೋನೀರ್' ಚಿತ್ರದ ಎದುರು ಸುಮಾರು ಹೊತ್ತು ನಿಂತುಬಿಟ್ಟೆ.

ಇಗ್ನಾಲಿನಾದ ಹುಡುಗ. ಬೋಳು ತಲೆ, ಕತ್ತಿಗೆ ಸೋವಿಯತ್ ಮಕ್ಕಳ ಸಂಘದ ಸ್ಕಾರ್ಫ್. ಆ ಸಂಘದ ಮಕ್ಕಳನ್ನೇ ಪಯೋನೀರ್ ಅನ್ನುತ್ತಿದ್ದರು. ನಿಜದಲ್ಲಿ ಅದು ಕೆಂಪು. ಇಲ್ಲಿ ಕಪ್ಪು ಬಿಳುಪಿನಲ್ಲಿ ಬರೀ ಬೂದು. ಮುಖದಲ್ಲಿ ನಗುವೇ ಇಲ್ಲ. ಪಯೋನೀರ್ ಅಂದ್ರೆ ಖುಷಿಯಾಗಿರಬೇಕು, ಇವನ್ಯಾಕೆ ಹೀಗಿದ್ದಾನೆ ಅಂತ ಆಗಲೇ ತಕರಾರು ಎದ್ದಿತ್ತು. ನಾನಾಗಿದ್ದರೆ ಏನಾದರೂ ತಮಾಷೆ ಮಾಡಿ ಅವನನ್ನು ನಗಿಸಿ, ಫೋಟೋ ಕೆಡಿಸಿ ಬರುತ್ತಿದ್ದೆ.

1962ರಲ್ಲಿ ಕೌನಸ್‌ನಲ್ಲಿ ತೆಗೆದ ಕುರುಡು ಪಯೋನೀರ್‌ನ ಚಿತ್ರವೂ ಇದೆ. "ಇಲ್ಲಿ ನೋಡು" ಅನ್ನುವ ಮಾತಿಗೇ ಅಲ್ಲಿ ಅರ್ಥವಿಲ್ಲ ಅಲ್ವಾ? ಅದನ್ನು ಜಾಸ್ತಿ ಹೊತ್ತು ನೋಡಲು ಆಗಲಿಲ್ಲ.

1939ರಲ್ಲಿ ಹುಟ್ಟಿದ ಸುಟ್ಕುಸ್ ದಶಕಗಳ ಕಾಲ 'ಲಿಥುವೇನಿಯಾದ ಜನ' ಅಂತ ಒಂದೇ ಸರಣಿ ತೆಗೆದರು. ಆಗ ಆ ನಾಡು ಸೋವಿಯತ್ ಒಕ್ಕೂಟದೊಳಗಿತ್ತು. ಇಲ್ಲಿ ಭಾಷಣವಿಲ್ಲ, ಕಾರ್ಖಾನೆಯ ವೀರ ಕಾರ್ಮಿಕರಿಲ್ಲ. ಹಳ್ಳಿಯ ಮುದುಕರು, ಬೀದಿಯ ಮಕ್ಕಳು. 1966ರ 'ತಾಯಿಯ ಕೈ' ಚಿತ್ರದಲ್ಲಿ ತಾಯಿಯ ಮುಖವೇ ಕಾಣುವುದಿಲ್ಲ. ನಾನು ಮುಖ ಬಿಟ್ಟು ಕೈ ಮಾತ್ರ ತೆಗೆದುಕೊಟ್ಟಿದ್ದರೆ ಬೀಗರು ಆಲ್ಬಮ್ ವಾಪಸ್ ಎಸೆಯುತ್ತಿದ್ದರು.

ಹೆಚ್ಚು ಜನ ಸೇರಿದ್ದು 1965ರಲ್ಲಿ ನಿಡಾದ ಮರಳ ದಿಬ್ಬದ ಮೇಲೆ ತೆಗೆದ ಫ್ರೆಂಚ್ ತತ್ವಜ್ಞಾನಿ ಜಾನ್ ಪಾಲ್ ಸಾರ್ತ್ರ ಚಿತ್ರದ ಮುಂದೆ. ಗಾಳಿಗೆ ಎದುರಾಗಿ ಬಾಗಿ ನಡೆಯುವ ಕಪ್ಪು ಆಕೃತಿ, ಸುತ್ತ ಬಿಳಿ ಮರಳು. ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದನ್ನು ಪೋಸ್ಟ್‌ಕಾರ್ಡ್‌ನಲ್ಲೂ ನೋಡಬಹುದು.

ಒಂದು ದೂರು. ಗಾಜಿನ ಮೇಲೆ ದೀಪ ಬೀಳುವ ಹಾಗೆ ಚೌಕಟ್ಟು ತೂಗುಹಾಕಿದ್ದಾರೆ. ಗಾಢವಾದ ಪ್ರಿಂಟ್‌ಗಳಲ್ಲಿ ನನ್ನ ಹೊಟ್ಟೆಯೇ ಕಾಣುತ್ತಿತ್ತು. ಕಪ್ಪಿನೊಳಗಿನ ವಿವರ ನೋಡಲೆಂದೇ ಅಷ್ಟು ದೂರ ಹೋದವನಿಗೆ ಸಿಟ್ಟು ಬರದೇ ಇರುತ್ತಾ? ಪಕ್ಕಕ್ಕೆ ಸರಿದು, ಓರೆಯಾಗಿ ನಿಂತರೆ ಪರವಾಗಿಲ್ಲ.

ಎರಡು ಗಂಟೆ ಇಟ್ಟುಕೊಂಡು ಹೋಗಿ. ಮೊದಲು ಮಕ್ಕಳ ಚಿತ್ರಗಳನ್ನು ನೋಡಿ, ಸಾರ್ತ್ರ ಆಮೇಲೆ.