ಎರಡು ಬಟನ್ ಸಾಕಿತ್ತು: ಮಿರರ್ಸ್ ಎಡ್ಜ್ ಮತ್ತು ಕ್ಯಾಟಲಿಸ್ಟ್

ಪಾತ್ರದ ಕಣ್ಣಿನಿಂದಲೇ ನೋಡುತ್ತಾ ಮಹಡಿ, ಗೋಡೆಗಳನ್ನು ಓಡಿ ಜಿಗಿದು ದಾಟುವ ಫಸ್ಟ್ ಪರ್ಸನ್ ಪಾರ್ಕೂರ್ ವಿಡಿಯೋ ಆಟ ಅಂದರೆ ಈಗಲೂ ಮೊದಲು ನಾಲಿಗೆಗೆ ಬರುವ ಹೆಸರು ಮಿರರ್ಸ್ ಎಡ್ಜ್. ಸ್ವೀಡನ್ನಿನ ಡೈಸ್ ಸ್ಟುಡಿಯೊ ಮಾಡಿ ಇಎ ಕಂಪನಿ ಹೊರತಂದ ಈ ಆಟ 2008ರ ನವೆಂಬರ್‌ನಲ್ಲಿ ಕನ್ಸೋಲಿಗೂ 2009ರ ಜನವರಿಯಲ್ಲಿ ಪಿಸಿಗೂ ಬಂತು. ಅದರ ನಾಯಕಿ, ಫೇತ್ ಎಂಬ ಓಟಗಾರ್ತಿಯನ್ನೇ ಇಟ್ಟುಕೊಂಡು 2016ರ ಜೂನ್‌ನಲ್ಲಿ ಮಿರರ್ಸ್ ಎಡ್ಜ್ ಕ್ಯಾಟಲಿಸ್ಟ್ ಬಂತು. ಎರಡರಲ್ಲಿ ಯಾವುದು ಮೇಲು ಅನ್ನುವ ಜಗಳ ಇನ್ನೂ ಬಗೆಹರಿದಿಲ್ಲ. ಈ ವಿಮರ್ಶೆ ಹಳೆಯದರ ಪರ. ಕಥೆಗಾಗಿ ಅಲ್ಲ, ಅದು ಎರಡರಲ್ಲೂ ಸಪ್ಪೆಯೇ. ಹಳೆಯದರಲ್ಲಿ ವೇಗ ಆಡುವವರ ಬೆರಳಲ್ಲಿದೆ, ಹೊಸದರಲ್ಲಿ ಅರ್ಧ ಮೆನುವಿನಲ್ಲಿದೆ.

ಹಳೆಯ ಆಟದ ಜಾಣತನವೆಲ್ಲ ಕಂಟ್ರೋಲ್ ಹಂಚಿಕೆಯಲ್ಲೇ ಕಾಣುತ್ತದೆ. ಮೇಲಕ್ಕೆ ಹೋಗುವ ಕೆಲಸಕ್ಕೆಲ್ಲ ಒಂದು ಬಟನ್: ಜಿಗಿತ, ಗೋಡೆ ಹತ್ತುವುದು, ಗೋಡೆಯ ಮೇಲೆ ಓಡುವುದು, ಬೇಲಿ ದಾಟುವುದು. ಕೆಳಗಿನ ಕೆಲಸಕ್ಕೆಲ್ಲ ಇನ್ನೊಂದು: ಕೂರುವುದು, ಜಾರುವುದು, ಬಿದ್ದಾಗ ಉರುಳುವುದು, ಗಾಳಿಯಲ್ಲಿ ಕಾಲು ಮಡಚುವುದು. ಎಕ್ಸ್‌ಬಾಕ್ಸ್‌ನಲ್ಲಿ ಇವು ಎಲ್‌ಬಿ, ಎಲ್‌ಟಿ. ಪ್ಲೇಸ್ಟೇಷನ್‌ನಲ್ಲಿ ಎಲ್1, ಎಲ್2. ಮೊದಲ ದಿನ ಇದು ವಿಚಿತ್ರ ಅನ್ನಿಸುತ್ತದೆ. ಜಿಗಿಯಲು ಬಲಗೈ ಹೆಬ್ಬೆರಳು ಹುಡುಕುತ್ತಲೇ ಇರುತ್ತದೆ. ಆದರೆ ಆ ಹೆಬ್ಬೆರಳು ನೋಟ ತಿರುಗಿಸುವ ಸ್ಟಿಕ್ ಬಿಟ್ಟು ಏಳಬಾರದು ಅನ್ನುವುದೇ ಇಲ್ಲಿನ ಲೆಕ್ಕ. ಜಿಗಿದ ಕ್ಷಣದಲ್ಲೇ ಮುಂದೆ ಕಾಲಿಡುವ ಜಾಗ ನೋಡಬೇಕಲ್ಲ. ಪಿಸಿಯಲ್ಲಿ ನೋಟ ಮೌಸ್‌ಗೆ ಸೇರಿದ್ದರಿಂದ ಈ ತೊಡಕೇ ಇಲ್ಲ: ಮೇಲಿನದಕ್ಕೆ ಸ್ಪೇಸ್, ಕೆಳಗಿನದಕ್ಕೆ ಶಿಫ್ಟ್, ಹಿಂದಕ್ಕೆ ತಿರುಗಲು ಕ್ಯೂ.

ಒಂದೇ ಒಂದು ಚಲನೆ ನೋಡಿ. ಎದುರು ಎತ್ತರದ ಗೋಡೆ, ಬೆನ್ನ ಹಿಂದೆ ಮೇಲೊಂದು ಅಟ್ಟಣಿಗೆ. ಗೋಡೆಗೆ ನೇರ ಓಡಿ ಮೇಲಿನ ಬಟನ್, ಎರಡು ಮೂರು ಹೆಜ್ಜೆ ಹತ್ತಿದ ಮೇಲೆ ತಿರುಗುವ ಬಟನ್, ತಿರುಗಿ ಮುಗಿದೊಡನೆ ಮತ್ತೆ ಮೇಲಿನ ಬಟನ್. ಹೊಸಬರು ಎಡವುವುದು ನಡುವಿನ ಹಂತದಲ್ಲಿ. ಹತ್ತುವ ವೇಗ ಪೂರ್ತಿ ಸಾಯುವ ತನಕ ಕಾದರೆ ಫೇತ್ ಗೋಡೆಯಿಂದ ಜಾರುತ್ತಾಳೆ. ತೀರಾ ಬೇಗ ತಿರುಗಿದರೆ ಅಟ್ಟಣಿಗೆ ಮುಟ್ಟುವಷ್ಟು ಎತ್ತರ ಸಿಗುವುದಿಲ್ಲ. ಗೋಡೆಗೆ ಓರೆಯಾಗಿ ಹೋದರೆ ಹತ್ತುವ ಬದಲು ಅಡ್ಡ ಓಡಿಬಿಡುತ್ತಾಳೆ. ಬಟನ್ ಒಂದೇ, ಕೋನ ಬೇರೆ, ಫಲ ಬೇರೆ. ಹೆಚ್ಚಿನ ಬಯ್ಗುಳ ಈ ಕಾರಣಕ್ಕೇ ಬಂದಿದೆ, ಮತ್ತು ಅದರಲ್ಲಿ ಅರ್ಧ ನ್ಯಾಯವೇ. ಅಂಚಿನಲ್ಲಿ ನಿಮ್ಮ ಉದ್ದೇಶವನ್ನು ಆಟ ತಪ್ಪಾಗಿ ಊಹಿಸಿದರೆ ಸಾಯುವುದು ನೀವು.

ಉರುಳುವುದಕ್ಕೂ ಹದವಿದೆ. ಎತ್ತರದಿಂದ ನೆಲ ಮುಟ್ಟುವ ತುಸು ಮುಂಚೆ ಕೆಳಗಿನ ಬಟನ್ ಒತ್ತಬೇಕು. ಬೇಗ ಒತ್ತಿದರೆ ಗಾಳಿಯಲ್ಲೇ ಕಾಲು ಮಡಚುತ್ತಾಳೆ, ಮುಳ್ಳುತಂತಿ ದಾಟಲು ಅದು ಬೇಕಾದದ್ದೇ. ತಡವಾದರೆ ಕುಸಿದು ನಿಂತು, ಕೂಡಿಟ್ಟ ವೇಗವೆಲ್ಲ ಖಾಲಿ. ನಿಂತಲ್ಲಿಂದ ಪೂರ್ತಿ ವೇಗಕ್ಕೆ ಬರಲು ಕೆಲವು ಸೆಕೆಂಡು ಓಡಲೇಬೇಕಾದ್ದರಿಂದ, ತಪ್ಪಿಗೆ ದಂಡ ಅಲ್ಲೇ ವಸೂಲಿ. ಪರದೆಯ ಮೇಲೆ ವೇಗದ ಮುಳ್ಳಾಗಲಿ ಪ್ರಾಣದ ಪಟ್ಟಿಯಾಗಲಿ ಇಲ್ಲ. ಉಸಿರಾಟದ ಸದ್ದು, ಕಿವಿಗೆ ಬಡಿಯುವ ಗಾಳಿ, ಬೀಸುವ ಕೈಗಳು, ಇಷ್ಟರಲ್ಲೇ ಎಲ್ಲ ತಿಳಿಯಬೇಕು. ನಡುವೆ ಒಂದು ಸಣ್ಣ ಚುಕ್ಕಿ ಮಾತ್ರ ಇದೆ. ಅದು ಗುರಿ ಇಡಲಿಕ್ಕಲ್ಲ, ಕಣ್ಣಿಗೆ ಹಿಡಿದುಕೊಳ್ಳಲು ಒಂದು ಗೂಟ. ತಲೆ ಸುತ್ತಿ ವಾಕರಿಕೆ ಬರುವವರು ಅದನ್ನು ಆಫ್ ಮಾಡಬಾರದು.

ಕೆಂಪು ಬಣ್ಣದ ಚರ್ಚೆ ಬೇರೆಯೇ ಇದೆ. ನಗರವಿಡೀ ಬಿಳಿ, ಹೋಗಬೇಕಾದ ಪೈಪು, ಹಲಗೆ, ಬಾಗಿಲು ಹತ್ತಿರ ಬಂದಂತೆ ಕೆಂಪಾಗುತ್ತವೆ. ಇದು ರನ್ನರ್ ವಿಷನ್. ಕೈ ಹಿಡಿದು ನಡೆಸಿದ ಹಾಗಾಯಿತು ಅನ್ನುವವರಿಗೆ ಉತ್ತರ ಆಟದಲ್ಲೇ ಇದೆ: ಹಾರ್ಡ್ ಎಂಬ ಕಠಿಣ ಮಟ್ಟದಲ್ಲಿ ಕೆಂಪು ಸಿಗುವುದಿಲ್ಲ, ಉಳಿದ ಕಡೆ ಆಯ್ಕೆಗಳಲ್ಲಿ ಆಫ್ ಮಾಡಬಹುದು. ಮೊದಲ ಸಲ ಇಟ್ಟುಕೊಂಡು, ಎರಡನೇ ಸಲ ಆಫ್ ಮಾಡಿ ಆಡುವುದು ಒಳ್ಳೆಯದು. ಕೆಂಪು ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆಯೇ ಹೊರತು ಹೇಗೆ ಎಂದು ಹೇಳುವುದಿಲ್ಲ. ಆ ಮಿತಿ ಸರಿಯಾಗಿದೆ.

ಹಳೆಯದು ಎಡವಿದ್ದು ಬಂದೂಕಿನಲ್ಲಿ. ಗುಂಡು ಹಾರಿಸದೆ ಇಡೀ ಆಟ ಮುಗಿಸಬಹುದು, ಅದಕ್ಕೊಂದು ಅಚೀವ್‌ಮೆಂಟ್ ಕೂಡ ಇದೆ. ಕಸಿದ ಬಂದೂಕಿಗೆ ಮತ್ತೆ ಗುಂಡು ತುಂಬುವಂತಿಲ್ಲ, ದೊಡ್ಡದು ಹಿಡಿದರೆ ಓಟ ನಿಧಾನ. ಇಷ್ಟರ ಮಟ್ಟಿಗೆ ಸೊಗಸು. ಆದರೆ ಕೊನೆಯ ಅಧ್ಯಾಯಗಳಲ್ಲಿ, ಮುಖ್ಯವಾಗಿ ದ ಶಾರ್ಡ್ ಎಂಬ ಅಂತಿಮ ಅಧ್ಯಾಯದಲ್ಲಿ, ದಾರಿ ಹುಡುಕಬೇಕಾದ ಕೋಣೆಯಲ್ಲೇ ಗುಂಡಿನ ಮಳೆ. ಈ ದೃಷ್ಟಿಕೋನದಲ್ಲಿ ದಾರಿ ಹುಡುಕಲು ಕತ್ತೆತ್ತಿ ನಿಲ್ಲಬೇಕು, ಬದುಕಲು ಓಡುತ್ತಿರಬೇಕು. ಎರಡೂ ಒಟ್ಟಿಗೆ ಆಗದು. ಉಳಿದದ್ದು ಸತ್ತು ಸತ್ತು ದಾರಿ ಬಾಯಿಪಾಠ ಮಾಡುವುದು. ಅನಿವಾರ್ಯವಾದಾಗ ಒಬ್ಬನನ್ನು ಗುಂಪಿನಿಂದ ಬೇರೆಮಾಡಿ, ಅವನು ಹೊಡೆಯಲು ಬಂದಾಗ ಬಂದೂಕು ಕೆಂಪಾಗುವ ಕ್ಷಣದಲ್ಲಿ ಕಸಿಯಿರಿ. ಆ ಕ್ಷಣ ಕೈಗೆ ಸಿಗದಿದ್ದರೆ ಕಾಲ ನಿಧಾನಿಸುವ ಬಟನ್ ಮೊದಲು ಒತ್ತಿ.

ಕ್ಯಾಟಲಿಸ್ಟ್ ಈ ತಪ್ಪನ್ನು ಚೆನ್ನಾಗಿ ತಿದ್ದಿಕೊಂಡಿದೆ, ಒಪ್ಪಲೇಬೇಕು. ಫೇತ್ ಬಂದೂಕು ಮುಟ್ಟುವುದೇ ಇಲ್ಲ. ಓಡುತ್ತಿದ್ದಷ್ಟೂ ಫೋಕಸ್ ಶೀಲ್ಡ್ ಎಂಬ ಕವಚ ತುಂಬುತ್ತದೆ, ಅದು ಇರುವ ತನಕ ಗುಂಡು ತಾಗುವುದಿಲ್ಲ. ಓಟವೇ ರಕ್ಷಣೆ, ಮೊದಲ ಆಟದಲ್ಲೇ ಇರಬೇಕಾಗಿದ್ದ ಯೋಚನೆ. ಒಬ್ಬನನ್ನು ಒದ್ದು ಇನ್ನೊಬ್ಬನ ಮೇಲೆ ಕೆಡಹುವುದೂ ಮಜವಾಗಿದೆ. ಆದರೂ ಕೆಲವು ಮಿಷನ್‌ಗಳಲ್ಲಿ ಎಲ್ಲರನ್ನೂ ಬೀಳಿಸುವ ತನಕ ಮುಂದೆ ಬಿಡದೆ, ತಾನೇ ಕೊಟ್ಟ ವರವನ್ನು ತಾನೇ ಕಸಿಯುತ್ತದೆ.

ಆದರೆ ಕ್ಯಾಟಲಿಸ್ಟ್‌ನಲ್ಲಿ ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಗಳಿಸಿ ಕೊಳ್ಳಬೇಕಾದ ಚಲನೆಗಳ ಪಟ್ಟಿಯಲ್ಲಿ ಏನಿದೆ ನೋಡಿ: ಉರುಳುವುದು, ತಟ್ಟನೆ ತಿರುಗುವುದು, ಕಾಲು ಮಡಚುವುದು. ಹಳೆಯ ಆಟ ತರಬೇತಿಯಲ್ಲೇ ಕಲಿಸಿದ್ದ ಅಕ್ಷರಮಾಲೆ ಇದು. ಸರಿಯಾದ ಹೊತ್ತಿಗೆ ಒತ್ತಿದರೂ ಉರುಳದಿದ್ದರೆ ತಪ್ಪು ಆಡುವವರದಲ್ಲ, ಆದರೆ ದಂಡ ಅವರಿಗೇ. ಜೊತೆಗೆ ವೇಗ ಹೆಚ್ಚಿಸಲು ಆಟವೇ ‘ಶಿಫ್ಟ್’ ಎಂದು ಕರೆಯುವ ಚಲನೆಗೆ ಬೇರೆಯೇ ಒಂದು ಬಟನ್ ಬಂದಿದೆ. ನಿಂತಲ್ಲಿಂದ ಒತ್ತಿದರೆ ಸಾಕು, ಚಿಮ್ಮುತ್ತಾಳೆ. ಹಾಗಾಗಿ ಎಡವಿದರೂ ನಷ್ಟ ಕಡಿಮೆ; ಎಡವದೆ ಓಡಿದವರಿಗೆ ಲಾಭವೂ ಕಡಿಮೆ.

ಎಲ್ಲಿ ಬೇಕಾದರೂ ಓಡಾಡಬಹುದಾದ ಓಪನ್ ವರ್ಲ್ಡ್ ಹೊಸದರ ಇನ್ನೊಂದು ಎರಡಲುಗಿನ ಕತ್ತಿ. ಗ್ಲಾಸ್ ನಗರದ ಮಹಡಿಗಳ ಮೇಲೆ ಸುಮ್ಮನೆ ಓಡುವ ಸುಖ ದೊಡ್ಡದು. ಆದರೆ ಅದೇ ದಾರಿ ಹತ್ತಾರು ಸಲ, ದಾರಿಯುದ್ದಕ್ಕೂ ಗ್ರಿಡ್‌ಲೀಕ್ ಎಂಬ ಹೊಳೆಯುವ ಉಂಡೆಗಳು. ಪೂರ್ತಿ ರನ್ನರ್ ವಿಷನ್ ನೆಲದ ಮೇಲೆ ಕೆಂಪು ಗೆರೆ ಎಳೆದು ತೋರಿಸುತ್ತದೆ. ಗೆರೆ ನೋಡುತ್ತಾ ಓಡಿದವರಿಗೆ ನಗರ ಕಾಣುವುದೇ ಇಲ್ಲ. ಆಯ್ಕೆಗಳಲ್ಲಿ ಕ್ಲಾಸಿಕ್ ಅಂತ ಇದೆ, ಮೊದಲ ಹತ್ತು ನಿಮಿಷದೊಳಗೆ ಅದಕ್ಕೆ ಬದಲಿಸಿ.

ಪಿಸಿಯಲ್ಲಿ ಹಳೆಯದನ್ನು ಹಾಕುವವರು ವಿಡಿಯೋ ಸೆಟ್ಟಿಂಗ್‌ನಲ್ಲಿ ಎನ್‌ವಿಡಿಯಾದ ಫಿಸ್‌ಎಕ್ಸ್ (PhysX) ಆಯ್ಕೆಯನ್ನು ಮೊದಲು ಆಫ್ ಮಾಡಲಿ. ಎನ್‌ವಿಡಿಯಾ ಅಲ್ಲದ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಗಾಜಿನ ಚೂರು, ಬಟ್ಟೆಯ ಅಲುಗಾಟದ ಲೆಕ್ಕವೆಲ್ಲ ಪ್ರೊಸೆಸರ್ ತಲೆಗೆ ಬಿದ್ದು, ಕಿಟಕಿ ಒಡೆದೊಡನೆ ಫ್ರೇಮ್ ರೇಟ್ ಪಾತಾಳಕ್ಕೆ ಇಳಿಯುತ್ತದೆ. ಸೆಕೆಂಡಿಗೆ 62 ಫ್ರೇಮ್‌ಗಿಂತ ಮೇಲೆ ಏರುತ್ತಿಲ್ಲ ಎಂದು ಕಾರ್ಡನ್ನು ಬಯ್ಯಬೇಡಿ. ಅದು ಆಟದ ಎಂಜಿನ್ ಸೆಟ್ಟಿಂಗ್‌ಗಳ ಐಎನ್‌ಐ ಫೈಲಿನಲ್ಲೇ ಬರೆದಿಟ್ಟ ಮಿತಿ. ಕ್ಯಾಟಲಿಸ್ಟ್‌ನ ಗ್ರಾಫಿಕ್ಸ್ ಆಯ್ಕೆಯಲ್ಲಿ ಅಲ್ಟ್ರಾ ಮೇಲೆ ಹೈಪರ್ ಎಂಬ ಹಂತವಿದೆ. ಕಾರ್ಡಿನ ಮೆಮೊರಿ ಕಡಿಮೆಯಿದ್ದರೆ ಅದರ ಆಸೆ ಬಿಡಿ.

ಒಂದನ್ನೇ ಕೊಳ್ಳುವುದಾದರೆ ಹಳೆಯದು. ಎರಡೂ ಕೊಂಡರೂ ಹಳೆಯದನ್ನೇ ಮೊದಲು ಆಡಿ. ಹೊಸದರ ಚಿಮ್ಮುವ ಬಟನ್ ಒಮ್ಮೆ ರೂಢಿಯಾದರೆ ಹಳೆಯದರ ನಿಧಾನದ ಏರು ಸಹಿಸುವುದು ಕಷ್ಟ. ಕ್ಯಾಟಲಿಸ್ಟ್‌ಗೆ ಬಂದ ಮೇಲೆ ಸಿಕ್ಕ ಮೊದಲ ಅಂಕಗಳನ್ನು ಹೊಡೆದಾಟಕ್ಕೆ ಚೆಲ್ಲಬೇಡಿ. ಉರುಳುವುದು, ತಿರುಗುವುದು, ಕಾಲು ಮಡಚುವುದು, ಈ ಮೂರನ್ನು ತೆರೆದುಕೊಂಡು ಆಮೇಲೆ ಮುಖ್ಯ ಮಿಷನ್ ಶುರುಮಾಡಿ.