ಗಾಜಿನ ಪ್ಲೇಟೋ, ಅಲ್ಯೂಮಿನಿಯಂ ಹಾಳೆಯೋ?

ಟಿಎಲ್‌ಸಿ ಅಂದರೆ ತೆಳುಪದರ ಕ್ರೊಮ್ಯಾಟೋಗ್ರಫಿ: ಸಿಲಿಕಾ ಪದರದಲ್ಲಿ ದ್ರಾವಣ ಮೇಲೇರುತ್ತಾ ಮಿಶ್ರಣವನ್ನು ಬೇರೆ ಬೇರೆ ಚುಕ್ಕಿಗಳಾಗಿ ಬಿಡಿಸುವ ವಿಧಾನ. ಅದಕ್ಕೆ ನನ್ನ ಓಟು ಸಿಲಿಕಾ ಮೊದಲೇ ಬಳಿದು ಬರುವ ಅಲ್ಯೂಮಿನಿಯಂ ಹಾಳೆಗೆ. ಆದರೆ ಮೊದಲು ದುಡ್ಡು ಹಾಕಿದ್ದು ಗಾಜಿನ ಮೇಲೆ ನಾವೇ ಬಳಿಯುವ ಪುಡಿಗೆ, ಸಿಲಿಕಾ ಜೆಲ್ ಜಿ ಡಬ್ಬಕ್ಕೆ. ಅಗ್ಗ ಅಲ್ವಾ ಅಂತ.

ಹಾಸನದಲ್ಲಿ ಎಂಎಸ್ಸಿ ಮಕ್ಕಳಿಗೆ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಈ ಸಲ ಸೋಯಾ ಲೆಸಿಥಿನ್‌ನಲ್ಲಿರುವ ಫಾಸ್ಫಾಟಿಡೈಲ್ ಇನೋಸಿಟಾಲ್ ಎಂಬ ಫಾಸ್ಫೇಟ್ ಇರುವ ಕೊಬ್ಬನ್ನು, ಅಂದರೆ ಪಿಐ, ಬೇರ್ಪಡಿಸಿ ತೋರಿಸಬೇಕಿತ್ತು. ದ್ರಾವಣ ಎರಡಕ್ಕೂ ಒಂದೇ: ಕ್ಲೋರೋಫಾರ್ಮ್, ಮೆಥನಾಲ್, ಅಸಿಟಿಕ್ ಆಸಿಡ್, ನೀರು, 25:15:4:2.

ಜಿ ಪುಡಿಗೆ ಎರಡರಷ್ಟು ನೀರು ಹಾಕಿ ಕದಡಿ, ಗಾಜಿನ ಮೇಲೆ ದೋಸೆ ಥರ ಎಳೆಯಬೇಕು. ತಡವಾದರೆ ಬೀಕರಿನಲ್ಲೇ ಗಟ್ಟಿ. ಆಮೇಲೆ 110 ಡಿಗ್ರಿ ಓವನ್. ಇದೆಲ್ಲ ನನಗೆ ಇಷ್ಟದ ಕೆಲಸವೇ.

ತಲೆ ಕೆಟ್ಟಿದ್ದು ಚುಕ್ಕಿಗಳು ಕಾಣಲಿ ಅಂತ ಪ್ಲೇಟನ್ನು ಅಯೋಡಿನ್ ಹೊಗೆಗೆ ಹಿಡಿದ ಮೇಲೆ. ಪಿಐ ಚುಕ್ಕಿಯಾಗಿ ನಿಲ್ಲುವುದೇ ಇಲ್ಲ. ಬಾಲ ಬಿಟ್ಟುಕೊಂಡು ಕೆಳಗಿನ ಫಾಸ್ಫಾಟಿಡೈಲ್ ಕೋಲಿನ್ (ಲೆಸಿಥಿನ್‌ನ ಇನ್ನೊಂದು ಅಂಶ) ಚುಕ್ಕಿಯ ಮೇಲೆ ಬಂದು ಕೂರುತ್ತದೆ. ಸ್ಯಾಂಪಲ್ ಜಾಸ್ತಿ ಹಾಕಿದೆ ಅಂತ ಒಬ್ಬಳನ್ನು ಸುಮ್ನೆ ಬೈದೆ. ದ್ರಾವಣ ಹಳೆಯದು ಅಂತ ಹೊಸದು ಮಾಡಿದೆ. ಎರಡು ವಾರ ಹೀಗೇ ಹೋಯಿತು. ಕೊನೆಗೆ ಡಬ್ಬದ ಮೇಲಿನ ‘ಜಿ’ ಕಣ್ಣಿಗೆ ಬಿತ್ತು. ಜಿ ಅಂದರೆ ಜಿಪ್ಸಮ್, ಪುಡಿ ಗಾಜಿಗೆ ಅಂಟಲಿ ಅಂತ ಸೇರಿಸಿರುವುದು. ಜಿಪ್ಸಮ್ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಪಿಐ ತಲೆಯಲ್ಲಿರುವುದು ಋಣ ಆವೇಶದ ಫಾಸ್ಫೇಟ್. ಕ್ಯಾಲ್ಸಿಯಂ ಬಿಡುತ್ತದೆಯೇ?

ಒಂದೇ ಫಾಸ್ಫೇಟಿನ ಪಿಐ ಗತಿ ಇದು. ಪಿಐಗೆ ಇನ್ನೆರಡು ಸೇರಿ ಮೂರು ಫಾಸ್ಫೇಟ್ ಇರುವ ಪಿಐಪಿ2 ಆಗಿದ್ದರೆ ಸ್ಯಾಂಪಲ್ ಇಟ್ಟ ಗೆರೆ ಬಿಟ್ಟು ಏಳುವುದೇ ಕಷ್ಟ. ಅದಕ್ಕೇ ಅದರ ಮೇಲೆ ಕೆಲಸ ಮಾಡುವವರು ಪ್ಲೇಟನ್ನು ಮೊದಲು ಪೊಟ್ಯಾಸಿಯಂ ಆಕ್ಸಲೇಟ್‌ನಲ್ಲಿ ಅದ್ದಿ ಒಣಗಿಸುತ್ತಾರೆ. ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಿಡ್ನಿ ಕಲ್ಲು ಕಟ್ಟುವ ಜೋಡಿಯೇ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಅಲ್ಯೂಮಿನಿಯಂ ಹಾಳೆಯಲ್ಲಿ ಅಂಟಿಗೆ ಜಿಪ್ಸಮ್ ಇಲ್ಲ. ಅದೇ ಸ್ಯಾಂಪಲ್, ಮೊದಲ ಸಲಕ್ಕೇ ಪಿಐ ದುಂಡಗೆ ನಿಂತಿತು. ಪೆಟ್ಟಿಗೆಯ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ 20 ಸೆಂ.ಮೀ. ಚೌಕದ 25 ಹಾಳೆ ಬರುತ್ತವೆ. ಕತ್ತರಿಯಲ್ಲಿ 5ಕ್ಕೆ 10 ಅಳತೆಗೆ ಕತ್ತರಿಸಿದರೆ 200 ತುಂಡು. ಎರಡು ಬ್ಯಾಚಿಗೆ ಧಾರಾಳ.

ಚುಕ್ಕಿಗಳನ್ನು ಗಂಧಕಾಮ್ಲ ಹಾಕಿ ಸುಟ್ಟು ನೋಡುವವರಿಗೆ ಗಾಜೇ ಸರಿ. ಕೈಯಲ್ಲೇ ಎಳೆಯುವ ಹಟ ಇದ್ದರೆ ಜಿಪ್ಸಮ್ ಇಲ್ಲದ ಎಚ್ ಪುಡಿ ತಗೊಳ್ಳಿ. ಆಷಾಢದ ಮಳೆಯಲ್ಲಿ ಗಾಜಿನ ಪ್ಲೇಟು, ಹಾಳೆ ಎರಡೂ ತೇವ ಹೀರುತ್ತವೆ, ಬಳಸುವ ಮುಂಚೆ ಮತ್ತೆ ಓವನ್‌ಗೆ ಹಾಕಲೇಬೇಕು.

ಉಳಿದ ಜಿ ಡಬ್ಬವನ್ನು ಬಿಎಸ್ಸಿ ಮಕ್ಕಳಿಗೆ ಪಾಲಕ್ ಸೊಪ್ಪಿನ ಬಣ್ಣ ಬಿಡಿಸಲು ಕೊಟ್ಟಿದ್ದೇನೆ.